ಮಗನ ಮದುವೆ ನಡೆಸಿಕೊಟ್ಟ ಪಾಸ್ಟರ್: ಒಂದು ಸಭಾ ವಿಚಾರಣೆಯ ಪೂರ್ತಿ ಕಥೆ

2000ನೇ ಇಸವಿಯಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಒಬ್ಬ ಮೆಥಡಿಸ್ಟ್ (ಪ್ರೊಟೆಸ್ಟಂಟ್ ಕ್ರೈಸ್ತರ ಒಂದು ಪಂಗಡ) ಪಾಸ್ಟರಿಗೆ ಒಂದು ಫೋನ್ ಬಂತು. ಆ ಕಡೆ ಮಾತಾಡಿದ ಹೆಂಗಸು ಹೆಸರು ಹೇಳಲಿಲ್ಲ. ನಿಮ್ಮ ಮಗ ಗೇ, ಜೀವ ಕಳ್ಕೊಳ್ಳೋ ಯೋಚನೆಯಲ್ಲಿದ್ದಾನೆ ಅಂತ ತಿಳಿಸಿದಳು.

ಪಾಸ್ಟರ್ ಹೆಸರು ಫ್ರಾಂಕ್ ಶೇಫರ್. ಜರ್ಮನಿಯಲ್ಲಿ ಹುಟ್ಟಿದವರು, ಅಮೆರಿಕಕ್ಕೆ ಬಂದು ಯುನೈಟೆಡ್ ಮೆಥಡಿಸ್ಟ್ ಚರ್ಚಿನಲ್ಲಿ ಸೇವೆಗೆ ನಿಂತವರು. ಮಗ ಟಿಮ್‌ಗೆ ಆಗ 17 ವರ್ಷ. ಅಪ್ಪ ಅಮ್ಮ ಇಬ್ಬರೂ ಅವನ ಜೊತೆ ಕೂತು ಕೇಳಿದರು. ಹೌದು ಅಂದ. ನನ್ನನ್ನು ಎಲ್ಲರ ಹಾಗೆ ಮಾಡಪ್ಪಾ ಅಂತ ಎಷ್ಟೋ ರಾತ್ರಿ ಅತ್ತು ದೇವರನ್ನು ಬೇಡಿಕೊಂಡಿದ್ದ. ಏನೂ ಬದಲಾಗಲಿಲ್ಲ. ತನ್ನಿಂದ ಮನೆಗೆ, ಸಭೆಗೆ ಅಂದ್ರೆ ಚರ್ಚಿನ ಜನಕ್ಕೆ ನಾಚಿಕೆ ಬರೋದಕ್ಕಿಂತ ತಾನೇ ಇಲ್ಲದಿದ್ದರೆ ವಾಸಿ ಅನ್ನೋವರೆಗೆ ಹೋಗಿತ್ತು ಹುಡುಗನ ಮನಸ್ಸು. ನೀನು ದೇವರ ಸ್ವರೂಪದಲ್ಲೇ ಹುಟ್ಟಿದವನು, ನಮ್ಮ ಪ್ರೀತಿ ಒಂದು ಚೂರೂ ಕಮ್ಮಿಯಾಗಲ್ಲ ಅಂತ ಅಪ್ಪ ಅಮ್ಮ ಆ ದಿನ ಹೇಳಿದರು. ಹುಡುಗ ಉಳಿದುಕೊಂಡ.

ಈ ಪ್ರಕರಣವನ್ನು ಮೊದಲಿಂದ ಕೊನೆವರೆಗೆ ಬರೀತಿರೋದಕ್ಕೆ ನನ್ನದೇ ಒಂದು ಕಾರಣ ಇದೆ. ನಮ್ಮ ಸಭೆಗಳಲ್ಲಿ ಈ ವಿಷಯ ಎತ್ತಿದರೆ ಸಾಮಾನ್ಯವಾಗಿ ಒಂದು ಉತ್ತರ ಬರುತ್ತೆ: "ಅವರನ್ನು ಯಾರು ಬೇಡ ಅಂದ್ರು? ಬಾಗಿಲು ತೆರೆದೇ ಇದೆಯಲ್ಲ, ಬರಲಿ." ಹಾಗೆ ಹೇಳೋರು ಕೆಟ್ಟವರೇನಲ್ಲ. ಆದರೆ ಬಾಗಿಲು ದಾಟಿ ಒಳಗೆ ಬಂದವನು ಎಲ್ಲಿಯವರೆಗೆ ಬರಬಹುದು? ಬೆಂಚಿನವರೆಗಾ, ಕೊಯರ್‌ವರೆಗಾ, ಪ್ರಭುಭೋಜನದ ಮೇಜಿನವರೆಗಾ, ಮದುವೆಯ ಆಶೀರ್ವಾದದವರೆಗಾ, ಪ್ರಸಂಗ ಪೀಠದವರೆಗಾ? ಶೇಫರ್ ಪ್ರಕರಣ ಈ ಗೆರೆ ಎಲ್ಲಿದೆ ಅಂತ ಬೆರಳಿಟ್ಟು ತೋರಿಸುತ್ತೆ.

ಒಂದೇ ಪುಸ್ತಕದಲ್ಲಿ ಎರಡು ಮಾತು

ಮೆಥಡಿಸ್ಟರ ಕಾನೂನೆಲ್ಲ ಇರೋದು 'ಶಿಸ್ತಿನ ಪುಸ್ತಕ'ದಲ್ಲಿ. ನಾಲ್ಕು ವರ್ಷಕ್ಕೊಮ್ಮೆ ಸೇರುವ ಮಹಾಸಭೆ, ಅಂದ್ರೆ ಜನರಲ್ ಕಾನ್ಫರೆನ್ಸ್, ಅದನ್ನು ತಿದ್ದುತ್ತೆ. 1968ರಲ್ಲಿ ಎರಡು ಚರ್ಚುಗಳು ಸೇರಿ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಆಯಿತು. 1972ರಲ್ಲಿ ಅಟ್ಲಾಂಟಾದಲ್ಲಿ ಮಹಾಸಭೆ ಕೂತಾಗ, ಸಮಾಜದ ವಿಷಯಗಳ ಬಗ್ಗೆ ಸಭೆ ಏನು ನಂಬುತ್ತೆ ಅಂತ ಬರೆದ ಒಂದು ಕರಡು ಮುಂದೆ ಬಂತು. ಸಲಿಂಗಿಗಳೂ ದೇವರ ಕಣ್ಣಲ್ಲಿ ಪವಿತ್ರವಾದ ಬೆಲೆಯುಳ್ಳ ಮನುಷ್ಯರು, ಅವರಿಗೂ ಸಭೆಯ ಆರೈಕೆ ಬೇಕು ಅಂತ ಅದರಲ್ಲಿತ್ತು. ಚರ್ಚೆ ನಡೀತಾ ಇದ್ದಾಗ ಸಭಿಕರೊಬ್ಬರು ಎದ್ದು ಒಂದು ತಿದ್ದುಪಡಿ ತಂದರು. ಸಲಿಂಗ ನಡವಳಿಕೆ ಕ್ರೈಸ್ತ ಬೋಧನೆಗೆ ಹೊಂದುವುದಿಲ್ಲ ಅನ್ನೋ ಮಾತು ಸೇರಿಕೊಂಡಿತು.

ಮೊದಲ ಮಾತು ತೆಗೆಯಲಿಲ್ಲ. ಎರಡನೆಯದನ್ನು ಪಕ್ಕದಲ್ಲಿ ಕೂರಿಸಿದರು. ನಿನಗೆ ಬೆಲೆ ಇದೆ, ನಿನ್ನ ಬದುಕು ಹೊಂದೋದಿಲ್ಲ. 52 ವರ್ಷ ಈ ಎರಡೂ ಮಾತು ಅಕ್ಕಪಕ್ಕ ಇದ್ದವು. ದೊಡ್ಡವರಿಗೆ ಅದು ಎಚ್ಚರಿಕೆಯಿಂದ ತೂಗಿ ಬರೆದ ವಾಕ್ಯ ಅನ್ನಿಸಿರಬಹುದು. ಹದಿಹರೆಯದ ಮಗುವಿಗೆ ಕೇಳಿಸೋದು ಎರಡನೆಯದು ಮಾತ್ರ. ಟಿಮ್‌ಗೆ ಕೇಳಿಸಿದ್ದೂ ಅದೇ.

ಆಮೇಲೆ ಒಂದೊಂದೇ ಬಾಗಿಲು ಹಾಕುತ್ತಾ ಬಂದರು. 1984ರಲ್ಲಿ, ಸಲಿಂಗ ಸಂಬಂಧದಲ್ಲಿ ಇದ್ದೇನೆ ಅಂತ ಒಪ್ಪಿಕೊಂಡವರಿಗೆ ದೀಕ್ಷೆ, ಅಂದ್ರೆ ಪಾಸ್ಟರ್ ಆಗೋ ಅಧಿಕಾರ, ಇಲ್ಲ ಅಂತಾಯಿತು. 1996ರಲ್ಲಿ, ನಮ್ಮ ಪಾಸ್ಟರುಗಳು ಇಬ್ಬರು ಗಂಡಸರ ಅಥವಾ ಇಬ್ಬರು ಹೆಂಗಸರ ಮದುವೆ ನಡೆಸಬಾರದು, ನಮ್ಮ ಚರ್ಚುಗಳಲ್ಲೂ ನಡೆಯಬಾರದು ಅಂತಾಯಿತು. ಬೇಸರದ ಸಂಗತಿ ಅಂದ್ರೆ, 2001ರಿಂದ ಇದೇ ಚರ್ಚು ಜನರನ್ನು ಕರೆಯೋಕೆ ದೊಡ್ಡ ಪ್ರಚಾರ ಮಾಡಿತು. ಅದರ ಘೋಷಣೆ: ತೆರೆದ ಹೃದಯ, ತೆರೆದ ಮನಸ್ಸು, ತೆರೆದ ಬಾಗಿಲು.

ಎಲ್ಲರೂ ಸುಮ್ಮನೆ ಇದ್ದರು ಅಂತಲ್ಲ. 1984ರಿಂದಲೇ ಕೆಲವು ಸಭೆಗಳು ನಾವು ಎಲ್ಲರನ್ನೂ ಸೇರಿಸಿಕೊಳ್ತೀವಿ ಅಂತ ಬಹಿರಂಗವಾಗಿ ಹೇಳಿ, ತಮ್ಮನ್ನು 'ರಿಕನ್ಸೈಲಿಂಗ್', ಅಂದ್ರೆ ಮತ್ತೆ ಒಂದುಗೂಡಿಸುವ, ಸಭೆಗಳು ಅಂತ ಕರೆದುಕೊಂಡವು. ನಿಯಮ ಮುರಿದ ಕೆಲವು ಪಾಸ್ಟರುಗಳು ಶೇಫರ್‌ಗಿಂತ ಮೊದಲೇ ದೀಕ್ಷೆ ಕಳೆದುಕೊಂಡಿದ್ದರು.

ಮದುವೆ

ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2004ರಿಂದಲೇ ಇಂಥ ಮದುವೆ ಕಾನೂನಿಗೆ ಒಪ್ಪಿಗೆ. ದೊಡ್ಡವನಾದ ಟಿಮ್ ಅಲ್ಲಿ ತನ್ನ ಸಂಗಾತಿಯನ್ನು ಮದುವೆಯಾಗಲು ಹೊರಟ. ಅಪ್ಪಾ, ನೀವೇ ನಡೆಸಿಕೊಡ್ತೀರಾ ಅಂತ ಕೇಳಿದ.

ನಮ್ಮಲ್ಲಿ ಪಾಸ್ಟರ್ ಮನೆಯಲ್ಲಿ ಬೆಳೆದವರಿಗೆ ಈ ಪ್ರಶ್ನೆಯ ಭಾರ ಗೊತ್ತಾಗುತ್ತೆ. ಊರವರ ಮಕ್ಕಳಿಗೆಲ್ಲ ಅಪ್ಪ ಮದುವೆ ಮಾಡಿಸ್ತಾರೆ. ಅವರ ತಲೆ ಮೇಲೆಲ್ಲ ಕೈಯಿಟ್ಟು ಆಶೀರ್ವಾದ ಮಾಡ್ತಾರೆ. ಮನೆ ಮಗ ಬಂದು ಕೇಳಿದಾಗ ನನ್ನ ಕೈಯಲ್ಲಿ ಆಗಲ್ಲ ಕಣೋ ಅಂತ ಹೇಗೆ ಹೇಳೋದು? ಏಳು ವರ್ಷದ ಹಿಂದೆ ನಿನ್ನ ಮೇಲಿನ ಪ್ರೀತಿ ಕಮ್ಮಿಯಾಗಲ್ಲ ಅಂದಿದ್ದ ಅಪ್ಪ ಅವರು.

ಶೇಫರ್ ಒಪ್ಪಿದರು. ಕದ್ದುಮುಚ್ಚಿ ಮಾಡಲಿಲ್ಲ, ತಮ್ಮ ಮೇಲಿನವರಿಗೆ ಮೊದಲೇ ತಿಳಿಸಿದರು. 2007ರ ಏಪ್ರಿಲ್ 28ರಂದು ಬೋಸ್ಟನ್ ಹತ್ತಿರದ ಒಂದು ರೆಸ್ಟೋರೆಂಟ್‌ನಲ್ಲಿ ಮದುವೆ ಆಯಿತು. ಚರ್ಚಿನ ಕಟ್ಟಡ ಬಳಸಲಿಲ್ಲ. ಆಗ ಅವರು ಪೆನ್ಸಿಲ್ವೇನಿಯಾದ ಲೆಬನಾನ್ ಹತ್ತಿರ, ಅಯೋನಾದ ಜಿಯಾನ್ ಸಭೆಯ ಪಾಸ್ಟರ್. ತಮ್ಮ ಸಭೆಯಲ್ಲಿ ಈ ಮದುವೆಯನ್ನು ಸಾರಿ ಹೇಳಲಿಲ್ಲ. ಹಳೇ ಕಾಲದ ಸಂಪ್ರದಾಯದ ಜನ ಜಾಸ್ತಿ ಇದ್ದ ಸಭೆ ಅದು. ಸಭೆ ಒಡೆಯಬಾರದು ಅನ್ನೋ ಆಸೆ. ನಿಯಮ ಮುರಿದದ್ದಕ್ಕಿಂತ ಈ ಮೌನವೇ ಅವರಿಗೆ ಆಮೇಲೆ ಜಾಸ್ತಿ ಚುಚ್ಚಿತು ಅಂತ ನನಗನ್ನಿಸುತ್ತೆ. ವಿಚಾರಣೆಯಲ್ಲಿ ಅವರೇ ಹೇಳಿದರು, ಇನ್ನು ಮುಂದೆ ಬಾಯಿ ಮುಚ್ಚಿಕೊಂಡು ಬೆಂಬಲ ಕೊಡೋದು ನನ್ನಿಂದ ಆಗಲ್ಲ ಅಂತ.

ದೂರು

ಆರು ವರ್ಷ ಏನೂ ಆಗಲಿಲ್ಲ. ಸಭಾ ಕಾನೂನಿನ ಪ್ರಕಾರ ಇಂಥ ದೂರು ಆರು ವರ್ಷದ ಒಳಗೆ ಬರಬೇಕು. ಗಡುವು ಮುಗಿಯೋಕೆ ಒಂದು ತಿಂಗಳಿಗೂ ಕಮ್ಮಿ ಇದ್ದಾಗ, 2013ರ ಏಪ್ರಿಲ್‌ನಲ್ಲಿ, ಅದೇ ಸಭೆಯಲ್ಲಿ ಬೆಳೆದ ಒಬ್ಬರು ದೂರು ಕೊಟ್ಟರು.

ದೂರು ಕೊಟ್ಟವರನ್ನು ಖಳನಾಯಕ ಮಾಡಿಬಿಡೋದು ಸುಲಭ. ನಾನು ಹಾಗೆ ಮಾಡಲಾರೆ. ಅವರ ಮನೆಯ ಸುಖದುಃಖದಲ್ಲೆಲ್ಲ ನಿಂತವರು ಇದೇ ಪಾಸ್ಟರ್. ಅಂಥವರು ತಮಗೆ ಹೇಳದೆ ಸಭೆಯ ನಿಯಮ ಮುರಿದಿದ್ದಾರೆ ಅಂತ ಗೊತ್ತಾದಾಗ ಮೋಸ ಹೋದ ಹಾಗೆ ಅನ್ನಿಸಿತು. ದೀಕ್ಷೆಯ ದಿನ ಪಾಸ್ಟರ್ ಮೊಣಕಾಲೂರಿ, ಸಭೆಯ ಶಿಸ್ತಿಗೆ ಒಳಪಟ್ಟಿರ್ತೀನಿ ಅಂತ ಮಾತು ಕೊಟ್ಟಿರ್ತಾರೆ. ಕೊಟ್ಟ ಮಾತಿಗೆ ಬೆಲೆ ಇಲ್ವಾ ಅನ್ನೋದು ನಿಜವಾದ ಪ್ರಶ್ನೆ. ಈ ಪ್ರಕರಣದಲ್ಲಿ ನನಗೆ ಅತಿ ಕಷ್ಟ ಅನ್ನಿಸಿದ ಜಾಗ ಇದೇ. ಪಾಸ್ಟರುಗಳು ತಮಗೆ ಬೇಕಾದ ನಿಯಮ ಇಟ್ಕೊಂಡು ಬೇಡವಾದದ್ದು ಬಿಟ್ಟರೆ ಸಭೆ ನಡೆಯೋದು ಹೇಗೆ ಅಂತ ಕೇಳೋರ ಮಾತಲ್ಲೂ ಅರ್ಥ ಇದೆ.

ಆದರೆ ಅದೇ ಪಾಸ್ಟರ್ ಇನ್ನೊಂದು ಮಾತೂ ಕೊಟ್ಟಿರ್ತಾರೆ. ಮಗುವಿನ ದೀಕ್ಷಾಸ್ನಾನದ ದಿನ, ತಲೆ ಮೇಲೆ ನೀರು ಬೀಳೋ ಹೊತ್ತಿಗೆ, ಈ ಮಗುವನ್ನು ಕ್ರಿಸ್ತನ ಪ್ರೀತಿಯಲ್ಲಿ ಬೆಳೆಸ್ತೀವಿ ಅಂತ ಅಪ್ಪ ಅಮ್ಮ ಹೇಳ್ತಾರೆ, ಇಡೀ ಸಭೆ ಎದ್ದು ನಿಂತು ಹೇಳುತ್ತೆ. ಎರಡು ಮಾತು ಒಂದಕ್ಕೊಂದು ಅಡ್ಡ ಬಂದಾಗ ಯಾವುದು ಮೇಲು? ಶೇಫರ್ ಮಗುವಿಗೆ ಕೊಟ್ಟ ಮಾತನ್ನು ಉಳಿಸಿಕೊಂಡರು. ಅವರು ಮಾಡಿದ್ದು ಸರಿ ಅಂತ ನಾನು ನಂಬ್ತೀನಿ. ಇನ್ನೊಂದು ಮಾತು ಮುರಿದದ್ದಕ್ಕೆ ಬಂದ ಶಿಕ್ಷೆಯಿಂದ ಅವರು ಓಡಿಹೋಗಲಿಲ್ಲ ಅನ್ನೋದೂ ಆ ನಂಬಿಕೆಗೆ ಒಂದು ಕಾರಣ.

ವಿಚಾರಣೆ ತಪ್ಪಿಸೋಕೆ ದಾರಿ ಇತ್ತು. ಮತ್ತೆ ಇಂಥ ಮದುವೆ ಮಾಡಿಸಲ್ಲ ಅಂತ ಬರೆದುಕೊಟ್ಟಿದ್ದರೆ ಅಲ್ಲಿಗೇ ಮುಗೀತಿತ್ತು. ಅವರು ಕೊಡಲಿಲ್ಲ. ಕಾರಣ ಮನೆಯಲ್ಲೇ ಇತ್ತು. ಅವರ ನಾಲ್ಕು ಮಕ್ಕಳಲ್ಲಿ ಟಿಮ್ ಸೇರಿ ಮೂವರು ಸಲಿಂಗಿಗಳು. ಒಬ್ಬನಿಗೆ ಮಾಡಿದ್ದನ್ನು ಇನ್ನಿಬ್ಬರಿಗೆ ಮಾಡಲ್ಲ ಅಂತ ಸಹಿ ಹಾಕಬೇಕಿತ್ತು. ಯಾವ ಅಪ್ಪ ಹಾಕ್ತಾನೆ?

ಜಿಮ್‌ನಲ್ಲಿ ನಡೆದ ನ್ಯಾಯಾಲಯ

2013ರ ನವೆಂಬರ್ 18 ಮತ್ತು 19. ಪೆನ್ಸಿಲ್ವೇನಿಯಾದ ಸ್ಪ್ರಿಂಗ್ ಸಿಟಿ ಹತ್ತಿರ ಕ್ಯಾಂಪ್ ಇನ್ನಾಬಾ ಅಂತ ಚರ್ಚಿನದೇ ಒಂದು ಶಿಬಿರದ ಜಾಗ ಇದೆ. ಮಕ್ಕಳು ಬೇಸಿಗೆ ರಜೆಗೆ ಬಂದು ಆಡಿ ಹಾಡಿ ಹೋಗೋ ಜಾಗ. ಅಲ್ಲಿನ ಜಿಮ್ ಹಾಲನ್ನೇ ಕೋರ್ಟ್ ಮಾಡಿದರು. ಬಿಷಪ್ ಆಲ್ಫ್ರೆಡ್ ಗ್ವಿನ್ ನ್ಯಾಯಾಧೀಶರ ಜಾಗದಲ್ಲಿ ಕೂತರು. ತೀರ್ಪು ಹೇಳಬೇಕಾದವರು 13 ಜನ ಪಾಸ್ಟರುಗಳ ಜ್ಯೂರಿ. ಅಂದ್ರೆ ಶೇಫರ್ ಜೊತೆ ಕಾನ್ಫರೆನ್ಸಿನಲ್ಲಿ (ಒಂದು ಪ್ರಾಂತ್ಯದ ಸಭೆಗಳೆಲ್ಲ ಸೇರಿದ ಆಡಳಿತ ಘಟಕ) ಕೂತು ಊಟ ಮಾಡಿದ, ಅವರಂತೆಯೇ ದೀಕ್ಷೆ ಪಡೆದ ಜನ.

ಮದುವೆ ಮಾಡಿಸಿದ್ದನ್ನು ಶೇಫರ್ ಅಲ್ಲಗಳೆಯಲಿಲ್ಲ. ಹಾಗಾಗಿ ಮೊದಲ ದಿನವೇ ಎರಡು ಆರೋಪಗಳಲ್ಲಿ ತಪ್ಪಿತಸ್ಥ ಅಂತಾಯಿತು: ನಿಷೇಧಿಸಿದ ಮದುವೆ ನಡೆಸಿದ್ದು, ಸಭೆಯ ಶಿಸ್ತಿಗೆ ಅವಿಧೇಯತೆ ತೋರಿಸಿದ್ದು.

ಎರಡನೇ ದಿನ ಶಿಕ್ಷೆಯ ಮಾತು. ಸಾಮಾನ್ಯವಾಗಿ ಈ ಹಂತದಲ್ಲಿ ತಲೆ ತಗ್ಗಿಸಿ ಕ್ಷಮೆ ಕೇಳಿದರೆ ಶಿಕ್ಷೆ ಹಗುರ ಆಗುತ್ತೆ. ಶೇಫರ್ ಸಾಕ್ಷಿ ಹೇಳ್ತಾ ಕಾಮನಬಿಲ್ಲಿನ ಬಣ್ಣದ ಸ್ಟೋಲ್ ತೆಗೆದು ಹೆಗಲ ಮೇಲೆ ಹಾಕಿಕೊಂಡರು. ಸ್ಟೋಲ್ ಅಂದ್ರೆ ಗೊತ್ತಲ್ಲ, ದೀಕ್ಷೆಯಾದವರು ಮಾತ್ರ ಕತ್ತಿನಿಂದ ಇಳಿಬಿಡುವ ಉದ್ದನೆಯ ಪಟ್ಟಿ. ಆರಾಧನೆಯಲ್ಲಿ ಸೇವಕನ ನೊಗದ ಗುರುತು ಅದು. ತನ್ನ ದೀಕ್ಷೆ ಕಿತ್ತುಕೊಳ್ಳಬಹುದಾದ 13 ಜನರ ಎದುರಲ್ಲಿ ಅವರು ಅದನ್ನು ಹೊದ್ದರು.

ಜ್ಯೂರಿ ಕೊಟ್ಟ ಶಿಕ್ಷೆ ವಿಚಿತ್ರವಾಗಿತ್ತು. 30 ದಿನ ಅಮಾನತು. ಆ 30 ದಿನದಲ್ಲಿ ಶಿಸ್ತಿನ ಪುಸ್ತಕವನ್ನು ಪೂರ್ತಿಯಾಗಿ ಪಾಲಿಸ್ತೀನಾ ಇಲ್ವಾ ಅಂತ ಯೋಚಿಸಿ ತೀರ್ಮಾನ ಮಾಡಬೇಕು. ಪಾಲಿಸಲ್ಲ ಅಂದ್ರೆ ದೀಕ್ಷೆ ಬಿಟ್ಟುಕೊಡಬೇಕು. ಇದನ್ನು ಓದಿದಾಗ ಹಾಲಿನಲ್ಲಿದ್ದ ಶೇಫರ್ ಕಡೆಯವರು ಎದ್ದು ಕುರ್ಚಿಗಳನ್ನು ಒಂದೊಂದಾಗಿ ಮಗುಚಿ ಹಾಕಿದರು. ದೇವಾಲಯದಲ್ಲಿ ಯೇಸು ಹಣ ವಿನಿಮಯದವರ ಮೇಜುಗಳನ್ನು ಕೆಡವಿದ ಪ್ರಸಂಗದ ನೆನಪಿಗೆ.

30 ದಿನ ಆಯಿತು. ಶೇಫರ್ ತಲೆಬಾಗಲಿಲ್ಲ, ತಾವಾಗಿ ದೀಕ್ಷೆ ಬಿಟ್ಟುಕೊಡಲೂ ಇಲ್ಲ. 2013ರ ಡಿಸೆಂಬರ್ 19ರಂದು ಪೂರ್ವ ಪೆನ್ಸಿಲ್ವೇನಿಯಾ ಕಾನ್ಫರೆನ್ಸಿನವರು ಅವರ ದೀಕ್ಷೆ ವಾಪಸ್ ತೆಗೆದುಕೊಂಡರು. ಕ್ರಿಸ್‌ಮಸ್‌ಗೆ ಆರು ದಿನ ಇತ್ತು. ಅಲ್ಲಿನ ಬಿಷಪ್ ಪೆಗ್ಗಿ ಜಾನ್ಸನ್ ಅವರು ಕಾನೂನಿನಂತೆ ವಿಚಾರಣೆ ನಡೆಯಲು ಬಿಟ್ಟರು, ಆದರೆ ಪುಸ್ತಕದ ಈ ಮಾತುಗಳು ಭೇದ ಮಾಡುತ್ತವೆ ಅಂತ ಬಹಿರಂಗವಾಗಿಯೇ ಹೇಳಿದರು. ಕ್ಯಾಲಿಫೋರ್ನಿಯಾದ ಬಿಷಪ್ ಮಿನರ್ವಾ ಕಾರ್ಕಾನ್ಯೋ ನಮ್ಮ ಕಡೆ ಬಂದು ಸೇವೆ ಮಾಡಿ ಅಂತ ಕರೆದರು.

ಜಿಯಾನ್ ಸಭೆ ಈ ಹೊತ್ತಿಗೆ ಎರಡು ಹೋಳಾಗಿತ್ತು. ಒಂದೇ ಬೆಂಚಿನಲ್ಲಿ ವರ್ಷಗಟ್ಟಲೆ ಕೂತವರು ಬೇರೆ ಬೇರೆ ಕಡೆ ಹೋದರು.

ನಾಳೆಯ ತಪ್ಪಿಗೆ ಇವತ್ತು ಶಿಕ್ಷೆ

ಶೇಫರ್ ಮೇಲ್ಮನವಿ ಹಾಕಿದರು. 2014ರ ಜೂನ್‌ನಲ್ಲಿ ಒಂಬತ್ತು ಜನರ ಮೇಲ್ಮನವಿ ಸಮಿತಿ ಮೇರಿಲ್ಯಾಂಡಿನಲ್ಲಿ ಕೂತು ವಾದ ಕೇಳಿತು. ಜೂನ್ 24ಕ್ಕೆ ತೀರ್ಪು ಹೊರಬಂತು. 8-1ರಿಂದ ಶೇಫರ್ ಗೆದ್ದರು. ದೀಕ್ಷೆ ಮರಳಿ ಬಂತು. ಡಿಸೆಂಬರ್‌ನಿಂದ ನಿಂತಿದ್ದ ಸಂಬಳ ಕೊಡಬೇಕು ಅಂತಲೂ ಆಯಿತು.

ಗೆದ್ದದ್ದು ಯಾವ ಕಾರಣಕ್ಕೆ ಅನ್ನೋದನ್ನು ಗಮನವಿಟ್ಟು ನೋಡಬೇಕು. ಆ ಮದುವೆ ಸರಿ ಅಂತ ಸಮಿತಿ ಹೇಳಲಿಲ್ಲ. ತಪ್ಪಿತಸ್ಥ ಅನ್ನೋ ತೀರ್ಪು ಹಾಗೇ ಉಳಿಯಿತು, 30 ದಿನದ ಅಮಾನತೂ ಉಳಿಯಿತು. ಸಮಿತಿ ಕಂಡ ದೋಷ ಶಿಕ್ಷೆಯಲ್ಲಿತ್ತು. ಹಿಂದೆ ಮಾಡಿದ ತಪ್ಪಿಗೆ ಅಮಾನತು ಕೊಟ್ಟಾಯಿತು. ಆಮೇಲೆ ದೀಕ್ಷೆ ಕಿತ್ತದ್ದು ಯಾತಕ್ಕೆ? ಮುಂದೆ ನಿಯಮ ಮುರಿಯಬಹುದು ಅಂತ. ಮನುಷ್ಯ ಇನ್ನೂ ಮಾಡಿರದ ತಪ್ಪಿಗೆ ಶಿಕ್ಷೆ ಕೊಡೋಕೆ ಬರಲ್ಲ, ಎರಡು ಶಿಕ್ಷೆಗಳನ್ನು ಹೀಗೆ ಕಲಸಿ ಕೊಡೋಕೂ ಬರಲ್ಲ ಅಂತ ಸಮಿತಿ ಹೇಳಿತು.

ಕೆಲವರು ಇದನ್ನು ತಾಂತ್ರಿಕ ಗೆಲುವು ಅಂತಾರೆ. ನನಗೆ ಅದರಲ್ಲಿ ದೊಡ್ಡ ವಿಷಯ ಕಾಣುತ್ತೆ. ಸಭೆಗಳಲ್ಲಿ ಸಲಿಂಗಿಗಳಿಂದ ಯಾವಾಗಲೂ ಕೇಳೋದು ಇದನ್ನೇ ಅಲ್ವಾ? ಬಾ, ಆದರೆ ಮುಂದೆ ಹಾಗಿರಲ್ಲ ಅಂತ ಮಾತು ಕೊಡು. ಬೇರೆ ಯಾರ ಹತ್ತಿರವೂ ಬಾಗಿಲಲ್ಲಿ ನಿಲ್ಲಿಸಿ ನಾಳೆಯ ಲೆಕ್ಕ ಕೇಳಲ್ಲ. ಬಡ್ಡಿ ವ್ಯವಹಾರದವರು, ಹೆಂಡತಿಗೆ ಹೊಡೆಯೋರು, ಸಭೆಯ ಜಾಗ ನುಂಗಿದವರು ಮುಂದಿನ ಸಾಲಿನಲ್ಲೇ ಕೂತಿರೋದನ್ನು ನಾವು ನೋಡಿಲ್ವಾ?

ವಾದಿ ಕಡೆಯವರು ಚರ್ಚಿನ ಸುಪ್ರೀಂ ಕೋರ್ಟ್ ಅನ್ನಬಹುದಾದ ಜುಡಿಶಿಯಲ್ ಕೌನ್ಸಿಲ್‌ಗೆ ಹೋದರು. ಅಕ್ಟೋಬರ್ 27ಕ್ಕೆ ಅದೂ ಶೇಫರ್ ದೀಕ್ಷೆಯನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಅವರು ಕ್ಯಾಲಿಫೋರ್ನಿಯಾಕ್ಕೆ ಹೋಗಿ, ಸಾಂತಾ ಬಾರ್ಬರಾ ವಿಶ್ವವಿದ್ಯಾಲಯದ ಪಕ್ಕದ ಇಸ್ಲಾ ವಿಸ್ಟಾದಲ್ಲಿ ವಿದ್ಯಾರ್ಥಿಗಳ ನಡುವೆ ಸೇವೆ ಶುರು ಮಾಡಿದ್ದರು.

ಆಮೇಲೆ

ಪುಸ್ತಕ ಮಾತ್ರ ಬದಲಾಗಲಿಲ್ಲ. 2019ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ವಿಶೇಷ ಮಹಾಸಭೆ ಕರೆದರು. 438-384 ಮತಗಳಿಂದ ನಿಯಮ ಇನ್ನೂ ಬಿಗಿಯಾಯಿತು. ಬಿಟ್ಟು ಹೋಗೋ ಸಭೆಗಳು ಹಣ ಕಟ್ಟಿ ತಮ್ಮ ಕಟ್ಟಡ ಇಟ್ಟುಕೊಂಡು ಹೋಗಬಹುದು ಅಂತಲೂ ದಾರಿ ಮಾಡಿದರು. ಗೆದ್ದ ಕಡೆಯವರೇ ಆ ದಾರಿ ಹಿಡಿದರು. ಈ ನಿಯಮ ಕಾಗದದಲ್ಲಿದ್ದರೂ ಹಲವು ಬಿಷಪ್‌ಗಳು ಜಾರಿ ಮಾಡಲ್ಲ ಅಂತ ಅವರಿಗೆ ಗೊತ್ತಾಗಿತ್ತು. 2023ರ ಕೊನೆಯ ಹೊತ್ತಿಗೆ 7,600ಕ್ಕೂ ಹೆಚ್ಚು ಸಭೆಗಳು, ಅಂದ್ರೆ ಅಮೆರಿಕದ ಯುನೈಟೆಡ್ ಮೆಥಡಿಸ್ಟ್ ಸಭೆಗಳಲ್ಲಿ ಸುಮಾರು ಕಾಲು ಭಾಗ, ಹೊರಗೆ ಹೋದವು. 2022ರಲ್ಲಿ ಹುಟ್ಟಿದ ಗ್ಲೋಬಲ್ ಮೆಥಡಿಸ್ಟ್ ಚರ್ಚಿಗೆ ಬಹಳ ಸಭೆಗಳು ಸೇರಿದವು. ಇದು ಸಣ್ಣ ನೋವಲ್ಲ. ಅಜ್ಜ ಅಜ್ಜಿಯ ಸಮಾಧಿ ಇರೋ ಚರ್ಚು ಬೇರೆಯಾದರೆ ಮನೆ ಪಾಲಾದ ಹಾಗೇ.

2024ರ ಏಪ್ರಿಲ್ ಕೊನೆ ಮತ್ತು ಮೇ ಮೊದಲಲ್ಲಿ ಶಾರ್ಲೆಟ್ ನಗರದಲ್ಲಿ ಮಹಾಸಭೆ ಕೂತಿತು. ಮೇ 1ರಂದು ದೀಕ್ಷೆಯ ಮೇಲಿನ ನಿಷೇಧ ಹೋಯಿತು. 692 ಪರ, 51 ವಿರೋಧ. ಚರ್ಚೆಯೇ ನಡೆಯಲಿಲ್ಲ, ಒಪ್ಪಿತ ವಿಷಯಗಳ ಪಟ್ಟಿಯಲ್ಲೇ ಪಾಸಾಯಿತು. ಹಾಲಿನಲ್ಲಿ ಜನ ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ಮರುದಿನ, ಹೊಂದುವುದಿಲ್ಲ ಅನ್ನೋ 1972ರ ಆ ಮಾತು 523-161ರಿಂದ ಹೊರಗೆ ಬಂತು. ಮದುವೆ ನಡೆಸಿದರೆ ಪಾಸ್ಟರಿಗೆ ಶಿಕ್ಷೆ ಅನ್ನೋದೂ ಹೋಯಿತು. ಹಾಗಂತ ಯಾವ ಪಾಸ್ಟರಿಗೂ ಬಲವಂತ ಇಲ್ಲ. ಮಾಡಲ್ಲ ಅಂತ ಮನಸ್ಸಾಕ್ಷಿ ಹೇಳಿದರೆ ಮಾಡಬೇಕಾಗಿಲ್ಲ. ಅದೇ ತಿಂಗಳು ಐವರಿ ಕೋಸ್ಟ್‌ನ ದೊಡ್ಡ ಕಾನ್ಫರೆನ್ಸ್ ಈ ಬದಲಾವಣೆ ಒಪ್ಪದೆ ಹೊರಗೆ ಹೋಗಲು ತೀರ್ಮಾನಿಸಿತು.

ನಮ್ಮ ಬೀದರ್, ಕೋಲಾರ, ಬೆಂಗಳೂರಿನ ಮೆಥಡಿಸ್ಟರಿಗೆ ಈ ತೀರ್ಮಾನಗಳು ಅನ್ವಯಿಸಲ್ಲ. ಭಾರತದ ಮೆಥಡಿಸ್ಟ್ ಚರ್ಚು 1981ರಿಂದ ಸ್ವತಂತ್ರ. ಮಿಷನರಿಗಳ ಕಾಲದ ಆಸ್ಪತ್ರೆ, ಶಾಲೆಗಳ ಮೂಲಕ ಬಂದ ನೆಂಟಸ್ತಿಕೆ ಇದೆ, ಆದರೆ ನಿಯಮ ನಮ್ಮದು ನಮಗೆ. ಇಲ್ಲಿ ಸಲಿಂಗ ಮದುವೆಗೆ ದೇಶದ ಕಾನೂನೇ ಇಲ್ಲ. 2018ರ ಸೆಪ್ಟೆಂಬರ್ 6ಕ್ಕೆ ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧ ಅಪರಾಧ ಅಲ್ಲ ಅಂದಿತು, 2023ರ ಅಕ್ಟೋಬರ್ 17ಕ್ಕೆ ಮದುವೆಯ ಹಕ್ಕನ್ನು ಒಪ್ಪಲಿಲ್ಲ. ಹಾಗಾಗಿ ಶೇಫರ್ ಮುಂದೆ ಬಂದ ಪ್ರಶ್ನೆ ಅದೇ ರೂಪದಲ್ಲಿ ನಮ್ಮ ಪಾಸ್ಟರುಗಳ ಮುಂದೆ ಬರಲ್ಲ. 2000ನೇ ಇಸವಿಯ ಆ ಫೋನ್ ಕರೆ ಮಾತ್ರ ಯಾವ ಊರಿನ ಪಾಸ್ಟರ್ ಮನೆಗೆ ಬೇಕಾದರೂ ಬರಬಹುದು.

ಹೋದ ವರ್ಷ ನಮ್ಮ ಸಭೆಯ ಮಹಿಳಾ ಕೂಟದಲ್ಲಿ ಒಂದು ಸಂಜೆ ಈ ಕಥೆ ಹೇಳಿದೆ. ಕೈ ನಡುಗ್ತಾ ಇತ್ತು. ವಿಚಾರಣೆ, ಮತ, ತೀರ್ಪು ಎಲ್ಲ ವಿವರಿಸಿದೆ. ಯಾರೂ ಮಾತಾಡಲಿಲ್ಲ. ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ, ಎಪ್ಪತ್ತು ದಾಟಿದ ಒಬ್ಬ ಅಮ್ಮ ಪಕ್ಕಕ್ಕೆ ಬಂದು ಕೂತರು. ಸೆರಗಿನ ತುದಿ ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ ಫೋನ್ ಮಾಡಿದಳಲ್ಲ, ಆ ಹೆಣ್ಣುಮಗಳು," ಅಂದರು. "ಅವಳಿಗೆ ಆ ಹುಡುಗನ ವಿಷಯ ಹೇಗೆ ಗೊತ್ತಾಯ್ತವ್ವಾ? ನಮ್ಗೆ ಯಾರೂ ಹೇಳ್ಲೇ ಇಲ್ಲ."

ಅವರ ಕಿರಿಯ ಮಗ ತೀರಿಕೊಂಡು ಆಗ ಹನ್ನೊಂದು ವರ್ಷ ಆಗಿತ್ತು.